ಆ ಸೋಮವಾರ ಉಳಿದ ಹುಗ್ಗಿ

ಈ ಶ್ರಾವಣದ ಮೊದಲ ಸೋಮವಾರ ಪಕ್ಕದ ಮನೆಯ ಗಿರಿಜಕ್ಕ ಒಂದು ಸ್ಟೀಲ್ ಡಬ್ಬಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಮಠದಾಗಿನ ಹುಗ್ಗಿ ಐತಿ, ಬಿಸಿ ಇದ್ದಾಗ ತಿನ್ನು" ಎಂದು ಹೇಳಿ ಹೋದರು. ಮುಚ್ಚಳ ತೆಗೆಯುವ ಮೊದಲೇ ವಾಸನೆ ಬಂತು. ಕುಟ್ಟಿದ ಗೋಧಿ, ಬೆಲ್ಲ, ಏಲಕ್ಕಿ, ಅದರ ಹಿಂದೆ ತಳ ಹಿಡಿದ ಒಂದಿಷ್ಟು ಸೀಕಲು. ನಾನು ಡಬ್ಬಿಯ ಮುಂದೆ ಸುಮ್ಮನೆ ನಿಂತೆ. ತಿನ್ನಲಿಲ್ಲ, ಚೆಲ್ಲಲೂ ಇಲ್ಲ. ಸಂಜೆ ಮಗಳು ಕಾಲೇಜಿನಿಂದ ಬಂದು ಎರಡು ಸೌಟು ಹಾಕಿಕೊಂಡು ತಿಂದಳು.

"ಮಮ್ಮಿ, ನೀ ಯಾಕ ಹುಗ್ಗಿ ಮುಟ್ಟಂಗಿಲ್ಲ?"

"ಸಿಹಿ ಆಗಿ ಬರಂಗಿಲ್ಲವ್ವ."

ಏಳು ವರ್ಷದಿಂದ ಅದೇ ಉತ್ತರ ಕೊಡುತ್ತಿದ್ದೇನೆ. ಅವಳೂ ಅದನ್ನೇ ನಂಬಿಕೊಂಡಿದ್ದಾಳೆ. ಬೇಕಾದವರಿಗೆ ಬಿಸಿ ಹುಗ್ಗಿಗೆ ತುಪ್ಪ ಬಿಟ್ಟು ಬಡಿಸುವ ನಾನು ಒಂದು ಚಮಚ ಕೂಡ ಬಾಯಿಗಿಡುವುದಿಲ್ಲವೆಂಬುದನ್ನು ಬೇರೆ ಯಾರೂ ಗಮನಿಸಿಲ್ಲ.

ಆಗ ನಾವು ಲಿಂಗಸುಗೂರಿಗೆ ಬಂದಿರಲಿಲ್ಲ. ಸಿಂಧನೂರಿನ ಹತ್ತಿರ ಗೊರೇಬಾಳದಲ್ಲಿ ನಮ್ಮ ಮನೆ. ಅತ್ತೆ, ನಮ್ಮವರು, ನಾನು, ನಾಲ್ಕನೇ ಕ್ಲಾಸಿನ ಮಗಳು. ಗದ್ದೆಯನ್ನು ಬೇರೆಯವರಿಗೆ ಮಾಡಲು ಕೊಟ್ಟಿದ್ದೆವು. ನಮ್ಮವರಿಗೆ ಸಿಂಧನೂರಿನಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ. ಉಣ್ಣಲು ಉಡಲು ಕೊರತೆ ಇರಲಿಲ್ಲ. ಆದರೆ ಮಗಳನ್ನು ಊರಿನ ಶಾಲೆ ಬಿಡಿಸಿ ಸಿಂಧನೂರಿನ ಕಾನ್ವೆಂಟಿಗೆ ಹಾಕಬೇಕೆಂದು ನಾನು ಹಟ ಹಿಡಿದಿದ್ದೆ. ನಾನು ರಾಯಚೂರಿನಲ್ಲಿ ಸಿಸ್ಟರುಗಳ ಕೈಯಲ್ಲಿ ಓದಿದವಳು. ಬಿಳಿ ಕಾಲುಚೀಲ, ಬೆಳಗಿನ ಪ್ರಾರ್ಥನೆ, ಮೆಲ್ಲಗೆ ಮಾತಾಡುವುದು, ತಟ್ಟೆಯಲ್ಲಿ ಒಂದು ಅಗಳೂ ಬಿಡದಿರುವುದು, ಇವೆಲ್ಲ ಅಲ್ಲಿಂದ ನನಗೆ ಬಂದದ್ದು. ಮಗಳಿಗೂ ಬರಲಿ ಎಂಬ ಆಸೆ. ಫೀಸು ಹೇಗೆ ಎಂದು ನಮ್ಮವರು ತಲೆ ಕೆರೆದುಕೊಂಡಾಗ, "ಕೊಟ್ಟಿಗಿ ಖಾಲಿ ಐತಲ್ಲ, ನಾಲ್ಕು ಆಡು ಕಟ್ಟೂಣು" ಎಂದವಳು ನಾನೇ.

ಎತ್ತು, ಎಮ್ಮೆ ಮಾರಿ ವರ್ಷಗಳಾಗಿದ್ದವು. ಕೊಟ್ಟಿಗೆಯಲ್ಲಿ ಒಂದು ಹಳೇ ಸೈಕಲ್ಲು, ಗೊಬ್ಬರದ ಖಾಲಿ ಚೀಲಗಳು, ಒಂದು ಕಾಲು ಮುರಿದ ತೊಟ್ಟಿಲು ಇದ್ದವು. ಅತ್ತೆಗೆ ನನ್ನ ಮಾತು ಹಿಡಿಸಲಿಲ್ಲ. ದಿನಕ್ಕೆರಡು ಸಲ ಲಿಂಗಪೂಜೆ ಮಾಡುವವರು ಅವರು, ಈರುಳ್ಳಿ ಮುಟ್ಟದವರು.

"ಲಿಂಗ ಕಟ್ಟಿದ ಮನ್ಯಾಗ ಆಡೇನು? ಹೋತ ದೊಡ್ಡದಾದ ಮ್ಯಾಲ ಯಾರಿಗೆ ಮಾರ್ತಿ?"

"ಸಾಕೋರಿಗೆ ಮಾರೂಣ್ರಿ ಅತ್ತೀ."

ಬಾಗಿಲ ಮೆಟ್ಟಿಲ ಮೇಲೆ ಹುಲಿಗೆಮ್ಮ ಕೂತಿದ್ದಳು. ಊರಿನ ನಾಲ್ಕೈದು ಮನೆಗಳ ಆಡುಗಳನ್ನು ಕಾಲುವೆ ದಂಡೆಗೆ ಹೊಡೆದುಕೊಂಡು ಹೋಗಿ ಕಾಯುವ ಹೆಂಗಸು. ಎಲೆ ಅಡಿಕೆ ಕೇಳಲು ಬಂದಿದ್ದವಳು ತಲೆ ಎತ್ತದೆ ಹೇಳಿದಳು: "ಹೌದ್ರಿ ಅಮ್ಮಾರೆ, ಸಾಕೋರಿಗೇ ಮಾರೂದು. ಅವರು ಎಷ್ಟು ದಿನ ಸಾಕ್ತಾರ ಅಂತ ಮಾತ್ರ ನಾವು ಕೇಳೂದು ಬ್ಯಾಡ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು, ಆದರೂ ನಗು ನಿಲ್ಲಲಿಲ್ಲ. ಆ ನಗುವೇ ಅವರ ಒಪ್ಪಿಗೆಯಾಯಿತು.

ಹುಲಿಗೆಮ್ಮನ ಗಂಡ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಇಬ್ಬರು ಗಂಡುಮಕ್ಕಳು ದುಡಿಯಲು ಎಲ್ಲೆಲ್ಲೋ ಹೋಗಿದ್ದರು. ಲಂಗ ಉಡುವ ವಯಸ್ಸಿನಿಂದ ಆಡು ಕಾಯ್ದಿದ್ದಳು, ಆದರೆ ಒಂದೇ ಒಂದು ಆಡು ಅವಳದೆಂದು ಇರಲಿಲ್ಲ. ಉಳಿದ ಮನೆಯವರು ತಿಂಗಳಿಗಿಷ್ಟು ಜೋಳವೋ ಅಕ್ಕಿಯೋ ಅಳೆದು ಕೊಡುತ್ತಿದ್ದರು. ಪಾಲಿಗೆ ಕೊಡುತ್ತೇವೆ ಎಂದವರು ನಾವೇ ಮೊದಲು. ಪಾಲು ಎಂದರೆ, ಆಡು ನಮ್ಮವು, ಕಾಯುವುದು ಅವಳು, ಹುಟ್ಟಿದ ಮರಿಗಳಲ್ಲಿ ಒಂದು ನಮಗೆ, ಒಂದು ಅವಳಿಗೆ. ಬೇನೆ ಬಂದು ಆಡು ಸತ್ತರೆ ನಷ್ಟ ಮನೆಯವರದು. ಕಾಯುವವರ ಅಲಕ್ಷ್ಯದಿಂದ ಸತ್ತರೆ ಅವರ ಪಾಲು ಹೋಯಿತು. ಇದನ್ನು ಯಾರೂ ಕಾಗದದಲ್ಲಿ ಬರೆಯುವುದಿಲ್ಲ. ಹೊಸ್ತಿಲಲ್ಲಿ ನಿಂತು ಎಲೆ ಅಡಿಕೆ ಕೊಟ್ಟರೆ ಆಯಿತು. ಅತ್ತೆಯೇ ಕೊಟ್ಟರು. ಹುಲಿಗೆಮ್ಮ ಆ ಎಲೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಸೊಂಟದ ಚೀಲದಲ್ಲಿ ಇಟ್ಟುಕೊಂಡಳು. ನಾನು ನೋಡಿದೆ.

ಯುಗಾದಿ ಮುಗಿದ ವಾರ ನಮ್ಮವರು ಪರಿಚಯದವರೊಬ್ಬರ ಮೂಲಕ ಮುದಗಲ್ ಕಡೆಯಿಂದ ಐದು ಹೆಣ್ಣಾಡು ತಂದರು. ಟಂಟಂ ಆಟೋದ ಹಿಂದಿನ ಬಾಗಿಲು ತೆಗೆದಾಗ ಐದೂ ಒಂದೇ ಮೂಲೆಗೆ ಒತ್ತಿಕೊಂಡು ನಿಂತಿದ್ದವು. ನಾನು ಮಗಳ ಹಳೆಯ ನೋಟುಬುಕ್ಕಿನಲ್ಲಿ ಹೆಸರು ಬರೆದೆ, ಶಾಲೆಯ ಹಾಜರಿಯ ಹಾಗೆ. ಕರಿಯದು ರಾಣಿ, ಕೆಂಚು ಕೆಂಪಿ, ಕೋಡು ಮುರಿದದ್ದು ಗುಂಡಿ, ಹೊಟ್ಟೆ ತುಂಬ ಚುಕ್ಕೆ ಇದ್ದದ್ದು ಚುಕ್ಕಿ. ಐದನೆಯದು ಎಲ್ಲರ ಹಿಂದೆ ನಿಲ್ಲುತ್ತಿದ್ದ ಬಡಕಲು ಆಡು. ಅದಕ್ಕೆ ಪಾಪಿ ಎಂದು ಮಗಳು ಹೆಸರಿಟ್ಟಳು, ಪಾಪದ್ದು ಎಂಬ ಅರ್ಥದಲ್ಲಿ.

"ಹೆಸರಿಡಬ್ಯಾಡ್ರಿ ಅಕ್ಕಾರೆ" ಎಂದಳು ಹುಲಿಗೆಮ್ಮ. "ಹೆಸರಿಟ್ರ ಮಾರೂ ಹೊತ್ತಿಗೆ ಕೈ ಬರಂಗಿಲ್ಲ."

ಆ ಬೇಸಿಗೆಯಷ್ಟು ನಾನು ಬೇರೆ ಯಾವಾಗಲೂ ಖುಷಿಯಾಗಿ ಎದ್ದದ್ದು ನೆನಪಿಲ್ಲ. ಬೆಳಿಗ್ಗೆ ಎಂಟಕ್ಕೆ ಹುಲಿಗೆಮ್ಮ ಬೀದಿಯಲ್ಲಿ "ಹುರ್‌ರ್ ಹೋ" ಎನ್ನುತ್ತ ಬರುವಳು. ಅವಳ ದನಿ ಕೇಳಿದ ಕೂಡಲೇ ಐದೂ ಎದ್ದು ನಿಲ್ಲುತ್ತಿದ್ದವು. ಸಂಜೆ ಬರುವಾಗ ಅವುಗಳ ಬಾಯಿಯಿಂದ ಜಾಲಿಕಾಯಿಯ ಸಿಹಿ ವಾಸನೆ. ಅವಳು ಒಂದೊಂದರ ಹೊಟ್ಟೆಯ ಎಡಗಡೆ ಅಂಗೈ ಇಟ್ಟು, ಎರಡು ನಿಮಿಷ ಕಣ್ಣು ಮುಚ್ಚಿ ನಿಂತು, ಬಿಡುತ್ತಿದ್ದಳು. "ಏನು ನೋಡ್ತಿ?" ಎಂದರೆ "ಒಳಗ ಗಿರಣಿ ನಡದೈತೋ ಇಲ್ಲೋ ನೋಡ್ತೀನ್ರಿ" ಎನ್ನುವಳು. ನನ್ನ ಕೈಯನ್ನೂ ಹಿಡಿದು ಇಡಿಸಿದಳು. ಬೆಚ್ಚಗಿನ ಚರ್ಮದ ಕೆಳಗೆ ಯಾರೋ ನಿಧಾನವಾಗಿ ಮಗ್ಗುಲು ಬದಲಿಸಿದ ಹಾಗಿತ್ತು.

ಒಂದು ದಿನ ಗುಂಡಿ ಹಗ್ಗ ಕಿತ್ತುಕೊಂಡು ಬಂದು ಪಡಸಾಲೆಯಲ್ಲಿದ್ದ ಅಕ್ಕಿ ಚೀಲಕ್ಕೆ ಬಾಯಿ ಹಾಕಿತು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬರುವಷ್ಟರಲ್ಲಿ ಎಷ್ಟು ತಿಂದಿತ್ತೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಮೆಲುಕು ನಿಂತಿತ್ತು, ಹೊಟ್ಟೆ ಉಬ್ಬಿತ್ತು. ಹುಲಿಗೆಮ್ಮ ಮುಟ್ಟಿದ ಕೂಡಲೇ ಹೇಳಿದಳು.

"ಕಾಳು ತಿಂದೈತಿ. ಒಳಗ ನೀರು ಕುಲಕ್ಯಾಡಾಕತ್ತೈತಿ. ಅಡಿಗಿ ಸೋಡಾ ತರ್ರಿ ಲಗೂನ."

ಸೋಡಾವನ್ನು ನೀರಿಗೆ ಕಲಸಿ ಬಾಟಲಿಯಲ್ಲಿ ಹಾಕಿ, ಬಾಯಿಯ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಬಿಟ್ಟಳು. ಹೊಟ್ಟೆ ತಿಕ್ಕಿದಳು. ಮಧ್ಯಾಹ್ನದವರೆಗೆ ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿದಳು. ಗುಂಡಿ ಬದುಕಿತು.

"ಆಡಿಗೆ ಕಾಳಂದ್ರ ಹುಚ್ಚು, ಆದರ ಅದರ ಹೊಟ್ಟಿಗೆ ಅದು ವಿಷ. ಅಕ್ಕಿ, ಜ್ವಾಳ, ಗೋಧಿ, ಹಸೀದಿರಲಿ ಬೆಂದಿದ್ದಿರಲಿ, ಒಂದು ಹಿಡಿ ಮ್ಯಾಲ ಹಾಕಬ್ಯಾಡ್ರಿ ಅಕ್ಕಾರೆ. ನೆನಪಿಡ್ರಿ."

ನೆನಪಿಟ್ಟಿದ್ದೆ. ಅದೇ ನೋಟುಬುಕ್ಕಿನಲ್ಲಿ ಬರೆದೂ ಇಟ್ಟಿದ್ದೆ.

ಆ ಬೇಸಿಗೆಯಲ್ಲೇ ರಾಣಿ ಎರಡು ಮರಿ ಹಾಕಿತು, ಒಂದು ಗಂಡು, ಒಂದು ಹೆಣ್ಣು. ಹೆಣ್ಣುಮರಿ ಪೂರಾ ಕಪ್ಪು, ಬಲಗಿವಿ ಮಾತ್ರ ಬಿಳಿ. ಆರಿಸಿಕೊಳ್ಳುವ ಹಕ್ಕು ಮನೆಯವರದು. "ನೀನೇ ಹೇಳು" ಎಂದೆ. ಅವಳು ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಬೆರಳು ಮಾಡದೆ, ಕಣ್ಣಿನಲ್ಲೇ ಬಿಳಿಗಿವಿಯನ್ನು ತೋರಿಸಿದಳು. ಹೆಣ್ಣುಮರಿ ಎಂದರೆ ಮುಂದಿನ ಮರಿಗಳೂ ಅವಳವೇ. ಅತ್ತೆ "ಜಾಣಿ ಅದೀ ಬಿಡು" ಎಂದರು, ಅಷ್ಟೇ. ಹುಲಿಗೆಮ್ಮ ತನ್ನ ಹಳೆಯ ಸೀರೆಯ ಹಸಿರಂಚನ್ನು ಹರಿದು, ಮೂರೆಳೆ ಹೆಣೆದು, ಒಂದು ಹಗ್ಗ ಮಾಡಿದಳು. ಅಂಗಡಿಯ ಪ್ಲಾಸ್ಟಿಕ್ ಹಗ್ಗ ಎಳೆಗುತ್ತಿಗೆಗೆ ಕೊರೆಯುತ್ತದಂತೆ.

ಮರಿ ಹಾಲು ಬಿಡುವವರೆಗೆ ನಮ್ಮಲ್ಲೇ ಇತ್ತು. ಪಂಚಮಿಯ ದಿನ ಅವಳು ಅದನ್ನು ಮನೆಗೆ ಕರೆದುಕೊಂಡು ಹೋಗಲು ಬಂದಳು. ತಲೆಗೆ ಎಣ್ಣೆ ಹಚ್ಚಿಕೊಂಡು, ಮಡಿಕೆ ಮುರಿಯದ ಸೀರೆ ಉಟ್ಟು ಬಂದಿದ್ದಳು. ಮರಿಯ ಹಣೆಗೆ ಅರಿಶಿನ ಹಚ್ಚಿದಳು.

"ಪಂಚಮಿಗೆ ಎಲ್ಲಾರ ಮನಿಗೆ ಹೆಣ್ಣಮಕ್ಕಳು ಬರ್ತಾರ್ರಿ ಅಕ್ಕಾರೆ. ನಮ್ಮ ಮನಿಗೆ ಇದು ಬಂತು."

ನಾನು ಒಂದು ಎಳ್ಳುಂಡೆ, ಒಂದು ಶೇಂಗಾ ಉಂಡೆ ಕೊಟ್ಟು ಕಳಿಸಿದೆ, ನಿಜವಾಗಿಯೂ ಮಗಳನ್ನು ಕಳಿಸುವ ಹಾಗೆ.

ನಮ್ಮೂರ ಮಠದಲ್ಲಿ ಶ್ರಾವಣ ಪೂರ್ತಿ ಪ್ರಸಾದ ನಡೆಯುತ್ತದೆ. ದಿನಕ್ಕೊಂದು ಮನೆಯ ಪಾಳಿ. ಆ ವರ್ಷ ನಮ್ಮ ಪಾಳಿ ಮೂರನೇ ಸೋಮವಾರ ಬಂತು. ಸೋಮವಾರವೆಂದರೆ ಸುತ್ತಲಿನ ಹಳ್ಳಿಯವರೂ ಬರುತ್ತಾರೆ, ಅದಕ್ಕೇ ಅತ್ತೆ ಕೈ ಬಿಚ್ಚಿ ಮಾಡಿಸಿದರು. ದೊಡ್ಡ ಎರಡು ಕೊಪ್ಪರಿಗೆ ಗೋಧಿ ಹುಗ್ಗಿ, ಅನ್ನ, ಬದನೆಕಾಯಿ ಪಲ್ಯ, ಸಾರು. ಬೆಳಿಗ್ಗೆ ಹುಗ್ಗಿ ಕುದಿಯತೊಡಗಿದಾಗಲೇ ಮಳೆ ಶುರುವಾಯಿತು. ಬಿಡಲಿಲ್ಲ. ಮಧ್ಯಾಹ್ನ ಪೂಜೆಯಾಗಿ ಪಂಕ್ತಿ ಹಾಕಿದರೆ ಕೂತವರು ಅರ್ಧಕ್ಕೂ ಕಡಿಮೆ. ಕಾಲುವೆಯ ಆಚೆಯವರು ಬರಲೇ ಇಲ್ಲ. ನಮ್ಮವರು ಟಂಟಂನಲ್ಲಿ ಓಣಿ ಓಣಿಗೆ ಬಕೆಟ್ಟುಗಳಲ್ಲಿ ಹಂಚಿ ಬಂದರು. ನಾಲ್ಕು ಗಂಟೆಯ ಹೊತ್ತಿಗೆ ಮನೆಗೆ ವಾಪಸು ಬಂದದ್ದು ಅರ್ಧ ಕೊಪ್ಪರಿಗೆ ಹುಗ್ಗಿ, ಒಂದು ಬುಟ್ಟಿ ಅನ್ನ.

ಅತ್ತೆ ಪಾತ್ರೆಗಳನ್ನು ಎಣಿಸಲು ಮತ್ತೆ ಮಠಕ್ಕೆ ಹೊರಟರು. ಕೊಡೆ ಬಿಚ್ಚುತ್ತ ಹೇಳಿದರು: "ಪ್ರಸಾದ ಐತಿ. ಒಂದು ಅಗಳೂ ಚರಂಡಿಗೆ ಬೀಳಬಾರದು ನೋಡು. ಯಾವದಾದ್ರೂ ಜೀವದ ಬಾಯಿಗೆ ಮುಟ್ಟಿಸು."

ನಾನೊಬ್ಬಳೇ ಉಳಿದೆ. ಹುಗ್ಗಿ ಆಗಲೇ ಹುಳಿಯ ಕಡೆ ತಿರುಗುತ್ತಿತ್ತು. ಮಳೆಗೆ ಹೊರಗೆ ಹೋಗದ ಆಡುಗಳು ಬೆಳಗಿನಿಂದ ಒಣ ಹೊಟ್ಟನ್ನೇ ಮೂಸುತ್ತ ಕೂಗುತ್ತಿದ್ದವು. ನೋಟುಬುಕ್ಕಿನ ಸಾಲು ನನಗೆ ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ಇದು ಪ್ರಸಾದವಲ್ಲವೇ, ಪ್ರಸಾದ ಯಾರಿಗೆ ಏನು ಮಾಡೀತು ಎಂದು ಒಂದು ಮನಸ್ಸು ಹೇಳಿತು. ಅನ್ನ ಚೆಲ್ಲಿದ ಹುಡುಗಿಯನ್ನು ಸಿಸ್ಟರು ಊಟದ ಕೋಣೆಯಲ್ಲಿ ನಿಲ್ಲಿಸುತ್ತಿದ್ದದ್ದೂ ಕಣ್ಣಿಗೆ ಕಟ್ಟಿತು. ಮೊದಲು ಒಂದೊಂದು ಸೌಟು ಹಾಕಿದೆ. ಅವು ತಿಂದ ಸದ್ದು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಕೊನೆಗೆ ಬುಟ್ಟಿ, ಕೊಪ್ಪರಿಗೆ ಎರಡನ್ನೂ ಕೊಟ್ಟಿಗೆಯೊಳಗೆ ಎಳೆದು ಇಟ್ಟುಬಿಟ್ಟೆ. ನಾಲ್ಕು ಆಡು ಸುತ್ತ ನಿಂತು ಮೂತಿ ತುಂಬ ಬೆಲ್ಲ ಮಾಡಿಕೊಂಡು ತಿಂದವು. ರಾಣಿಯ ಗಂಡುಮರಿಯನ್ನು ಪಡಸಾಲೆಯಲ್ಲಿ ಬೇರೆ ಕಟ್ಟಿದ್ದೆ. ಪಾಪಿಯನ್ನು ಅವು ಕೋಡಿನಿಂದ ತಳ್ಳಿಹಾಕಿದವು. ಅದು ಗೋಡೆಗೆ ಹತ್ತಿಕೊಂಡು ನಿಂತು ನೋಡುತ್ತಿತ್ತು. ಪಾಪ ಅನ್ನಿಸಿತು, ಆದರೆ ಅಷ್ಟರಲ್ಲಿ ತಳ ಕಂಡಿತ್ತು.

ಸಂಜೆ ಅತ್ತೆ ಕೇಳಿದರು: "ಉಳಿದದ್ದು?"

"ಎಲ್ಲಾ ಮುಟ್ಟಿಸೀನ್ರಿ ಅತ್ತೀ."

ಅವರು ಕೈ ಮುಗಿದರು.

ಮರುದಿನ ಮಳೆ ಬಿಟ್ಟಿತ್ತು. ಹುಲಿಗೆಮ್ಮ ಬಂದಾಗ ಪಾಪಿ ಮಾತ್ರ ಎದ್ದು ನಿಂತಿತು. ಅವಳು ಹುಬ್ಬು ಗಂಟು ಹಾಕಿದಳು. "ಯಾಕ ಮಂಕಾಗ್ಯಾವ ಇವು?" ಅತ್ತೆ ಒಳಗಿನಿಂದಲೇ "ನಿನ್ನೆ ಮಳಿಗೆ ಥಂಡಿ ಹಿಡದಿರಬೇಕು, ಬಿಸಲಾಗ ತಿರುಗಿದ್ರ ಸರಿಹೋಗ್ತಾವ" ಎಂದರು. ನಾನು ರೊಟ್ಟಿ ತಟ್ಟುತ್ತಿದ್ದೆ. ತಲೆ ಎತ್ತಲಿಲ್ಲ. ಅವಳು ಬೇರೆ ಮನೆಗಳ ಆಡುಗಳ ಜೊತೆ ಅವನ್ನೂ ನಿಧಾನವಾಗಿ ಹೊಡೆದುಕೊಂಡು ಹೋದಳು.

ಹತ್ತು ಗಂಟೆಗೆ ಸುದ್ದಿ ಬಂತು. ನಾನು, ಅತ್ತೆ ಕಾಲುವೆ ದಂಡೆಗೆ ಓಡಿದೆವು. ರಾಣಿ, ಗುಂಡಿ ನೆಲಕ್ಕೆ ಬಿದ್ದಿದ್ದವು. ಕೆಂಪಿ, ಚುಕ್ಕಿ ನಿಂತಲ್ಲೇ ತೂರಾಡುತ್ತಿದ್ದವು, ಹಲ್ಲು ಕಡಿಯುತ್ತಿದ್ದವು. ಬೇರೆ ಮನೆಗಳ ಆಡುಗಳು ಏನೂ ಆಗದ ಹಾಗೆ ದೂರದಲ್ಲಿ ಜಾಲಿಗೆ ಕಾಲು ಕೊಟ್ಟು ಮೇಯುತ್ತಿದ್ದವು. ಪಕ್ಕದ ಗದ್ದೆಯಲ್ಲಿ ಒಬ್ಬರು ಬೆನ್ನಿಗೆ ಪಂಪು ಕಟ್ಟಿಕೊಂಡು ಭತ್ತಕ್ಕೆ ಎಣ್ಣೆ ಹೊಡೆಯುತ್ತಿದ್ದರು. ಹುಳದ ಔಷಧಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೇಳುವುದು. ಸೇರಿದ ಜನರೆಲ್ಲ ಆ ಕಡೆ ಒಮ್ಮೆ, ಹುಲಿಗೆಮ್ಮನ ಕಡೆ ಒಮ್ಮೆ ನೋಡುತ್ತಿದ್ದರು.

ಅವಳು ಯಾರನ್ನೂ ನೋಡುತ್ತಿರಲಿಲ್ಲ. ಮೊಣಕಾಲೂರಿ ರಾಣಿಯ ಹೊಟ್ಟೆಗೆ ಅಂಗೈ ಇಟ್ಟಿದ್ದಳು. ಕಣ್ಣು ಮುಚ್ಚಿದ್ದಳು. ಕಣ್ಣು ತೆರೆದು ನೇರವಾಗಿ ನನ್ನನ್ನು ಕೇಳಿದಳು.

"ಕಾಳು ತಿಂದಂಗ ಐತ್ರಿ ಇದು. ಅಕ್ಕಾರೆ, ನಿನ್ನೆ ಏನಾರ ಸಿಕ್ಕಿತ್ತೇನ್ರಿ ಇವಕ್ಕ? ಅಕ್ಕಿ, ಅನ್ನ, ಏನಾರ?"

ನನ್ನ ಪಕ್ಕದಲ್ಲಿ ಅತ್ತೆ ನಿಂತಿದ್ದರು. ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿದ್ದರು. ಮಠದ ಪ್ರಸಾದ ತಿಂದು ನಾಲ್ಕು ಜೀವ ಸಾಯುತ್ತಿವೆ ಎಂದು ಅವರ ಮುಂದೆ, ಅಷ್ಟು ಜನರ ಮುಂದೆ ಹೇಗೆ ಹೇಳುವುದು? ಅದೊಂದೇ ಕಾರಣವಾಗಿದ್ದರೆ ಇಂದು ಇಷ್ಟು ಬೇಯುತ್ತಿರಲಿಲ್ಲ. ಆಡು ಕಟ್ಟೋಣ ಎಂದವಳು ನಾನು. ಆ ಮನೆಯಲ್ಲಿ ನಾನು ಬಾಯಿ ಬಿಟ್ಟು ಕೇಳಿ ಪಡೆದದ್ದು ಅದೊಂದೇ. ಕೈಯಾರೆ ನಾನೇ ಹಾಳು ಮಾಡಿದೆ ಎಂದು ಹೇಳಿಕೊಳ್ಳಲು ಆಗಲಿಲ್ಲ.

"ಇಲ್ಲ" ಎಂದೆ. ಮೆಲ್ಲಗೆ, ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ.

ಹುಲಿಗೆಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳ ಕೈ ಆಡಿನ ಹೊಟ್ಟೆಯಿಂದ ಜಾರಿ ನೆಲಕ್ಕೆ ಬಂತು.

"ಹಂಗಾದ್ರ ಎಣ್ಣಿನ ಇರಬೇಕು. ಆ ಒಡ್ಡಿನ ಕಡಿ ಯಾವಾಗ ಹೋದ್ವೋ, ನಾ ನೋಡಿಲ್ಲ."

ಯಾರೋ ಹಿಂದಿನಿಂದ "ಕಾಯೋಕಿ ನೀನ ನೋಡಿಲ್ಲಂದ್ರ ಹೆಂಗ ಬೇ?" ಎಂದರು. ಇನ್ನೊಬ್ಬರು, "ಮತ್ತ ನಿನ್ನೆ ಮನ್ಯಾಗ ಏನಾರ..." ಎಂದು ಶುರು ಮಾಡಿದಾಗ ಹುಲಿಗೆಮ್ಮನೇ ಅವರ ಬಾಯಿ ಮುಚ್ಚಿಸಿದಳು. "ಅಕ್ಕಾರು ಇಲ್ಲ ಅಂದ್ರಲ್ಲ. ಅವರು ಸುಳ್ಳು ಹೇಳೂ ಪೈಕಿ ಅಲ್ಲ."

ನಾನು ಮನೆಗೆ ಬಂದೆ. ಸೋಡಾದ ಡಬ್ಬಿ ಅಡುಗೆಮನೆಯ ಎರಡನೇ ಸಾಲಿನಲ್ಲಿತ್ತು. ಬಾಟಲಿಯಲ್ಲಿ ಕಲಸಿ, ಸೆರಗಿನ ಕೆಳಗೆ ಮುಚ್ಚಿಕೊಂಡು ಮತ್ತೆ ದಂಡೆಗೆ ಹೋದೆ. ಜನ ಮೊದಲಿಗಿಂತ ಹೆಚ್ಚಾಗಿದ್ದರು. ಈಗ ಕುಡಿಸಿದರೆ ಯಾಕೆ ಎನ್ನುತ್ತಾರೆ, ಎಣ್ಣೆಗೆ ಯಾರಾದರೂ ಸೋಡಾ ಕುಡಿಸುತ್ತಾರೆಯೇ ಎನ್ನುತ್ತಾರೆ. ಬಾಟಲಿ ಸೆರಗಿನ ಕೆಳಗೇ ಬೆಚ್ಚಗಾಯಿತು. ಸಿಂಧನೂರಿನಿಂದ ದನದ ಡಾಕ್ಟರು ಬಂದದ್ದು ಮಧ್ಯಾಹ್ನದ ಮೇಲೆ. ಅತ್ತೆ ಅವರಿಗೆ ಎಣ್ಣೆ ಹೊಡೆದ ಗದ್ದೆಯನ್ನು ತೋರಿಸಿದರು. ನಾವು ಹೇಳಿದ ವಿಷಕ್ಕೆ ಅವರು ಸೂಜಿ ಹಾಕಿದರು. ಸಂಜೆಯೊಳಗೆ ನಾಲ್ಕೂ ಹೋದವು. ಪಾಪಿಯೊಂದು ಉಳಿಯಿತು. ಅದೊಂದೇ ಯಾಕೆ ಉಳಿಯಿತೆಂದು ಊರಿಗೆಲ್ಲ ಸೋಜಿಗ.

ನಾಲ್ಕನೇ ದಿನ ಬೆಳಿಗ್ಗೆ ಬಾಗಿಲ ಹೊರಗೆ ಮರಿಯ ಕೂಗು ಕೇಳಿತು. ಹುಲಿಗೆಮ್ಮ ಬಿಳಿಗಿವಿಯನ್ನು ತಂದು ನಮ್ಮ ಕಂಬಕ್ಕೆ ಕಟ್ಟುತ್ತಿದ್ದಳು, ಅದೇ ಹಸಿರಂಚಿನ ಹಗ್ಗದಲ್ಲಿ.

"ಅಮ್ಮಾರೆ, ನನ್ನ ಕೈಯಾಗ ಸತ್ತಾವ. ಪಾಲು ನನಗ ಬರಂಗಿಲ್ಲ."

ಯಾರೂ ಅವಳನ್ನು ಕೇಳಿರಲಿಲ್ಲ. ಅತ್ತೆ ಮರಿಯನ್ನು ಒಮ್ಮೆ ನೋಡಿ, "ಕಟ್ಟಿ ಹೋಗು" ಎಂದರು. ಅವರು ಕೆಟ್ಟವರಲ್ಲ. ಅವರಿಗೆ ಗೊತ್ತಿದ್ದ ನ್ಯಾಯ ಅದು. ನಿಜ ಗೊತ್ತಿದ್ದ ನಾನು ಬಾಗಿಲಲ್ಲಿ ನಿಂತಿದ್ದೆ, ಕೈಗೆ ಹಿಟ್ಟು ಹತ್ತಿತ್ತು. ಹುಲಿಗೆಮ್ಮ ಮರಿಯ ಗಂಟನ್ನು ಎರಡು ಸಲ ಕಟ್ಟಿದಳು. ಕತ್ತಿಗೆ ಬಿಗಿಯಾಗಿದೆಯೇ ಎಂದು ಒಂದು ಬೆರಳು ತೂರಿಸಿ ನೋಡಿದಳು. ತಿರುಗಿ ನೋಡದೆ ಹೋದಳು. ಮರಿ ಅವಳು ಹೋದ ದಿಕ್ಕಿಗೆ ಹಗ್ಗ ಎಳೆದುಕೊಂಡು ಮಧ್ಯಾಹ್ನದವರೆಗೂ ಕೂಗಿತು.

ಶ್ರಾವಣ ಮುಗಿಯುವುದರೊಳಗೆ ಉಳಿದ ಮನೆಗಳವರೂ ತಮ್ಮ ಆಡುಗಳನ್ನು ಬೇರೆಯವರಿಗೆ ಕಾಯಲು ಕೊಟ್ಟರು ಎಂದು ಕೇಳಿದೆ. ಬೆಳಿಗ್ಗೆ ಎಂಟಕ್ಕೆ ಬೀದಿಯಲ್ಲಿ ಆ ದನಿ ನಿಂತಿತು. ದೀಪಾವಳಿಗೆ ಮುಂಚೆ ಪಾಪಿಯನ್ನೂ, ಎರಡು ಮರಿಗಳನ್ನೂ ನಮ್ಮವರು ಮಾರಿಬಿಟ್ಟರು. ಸಾಕುವವರಿಗೆ ಎಂದರು. ನಾನು ಕೇಳಲಿಲ್ಲ. ಕೊಳ್ಳಲು ಬಂದವನ ಕೈಗೆ ಕೊಡುವ ಮೊದಲು ಬಿಳಿಗಿವಿಯ ಕೊರಳಿನ ಸೀರೆ ಹಗ್ಗ ಬಿಚ್ಚಿ, ಪ್ಲಾಸ್ಟಿಕ್ ಹಗ್ಗ ಹಾಕಿದೆ. ಮಗಳು ಕಾನ್ವೆಂಟಿಗೆ ಹೋದದ್ದು ಆಮೇಲೆ, ಅಂಗಡಿಯನ್ನು ಲಿಂಗಸುಗೂರಿಗೆ ಬದಲಿಸಿ ನಾವೆಲ್ಲ ಇಲ್ಲಿಗೆ ಬಂದ ಮೇಲೆ. ಅತ್ತೆ ತೀರಿಹೋಗಿ ಎರಡು ವರ್ಷವಾಯಿತು. ಕೊನೆಯ ದಿನಗಳಲ್ಲಿ ಒಮ್ಮೆ, "ಆ ಹುಲಿಗೆವ್ವ ಏನು ಮಾಡ್ತಾಳೋ ಏನೋ, ಒಂದೀಟು ಎಚ್ಚರ ಇದ್ದಿದ್ರ ಚಲೋ ಹೆಂಗಸು" ಎಂದಿದ್ದರು. ಆಗಲೂ ನಾನು ಅವರ ಕಾಲು ಒತ್ತುತ್ತಲೇ ಇದ್ದೆ.

ಗಿರಿಜಕ್ಕ ಹುಗ್ಗಿ ತಂದ ಮರುದಿನ, ಎತ್ತಿಟ್ಟಿದ್ದ ಆ ಸೀರೆ ಹಗ್ಗವನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ನಮ್ಮವರಿಗೆ ಸಿಂಧನೂರಿನಲ್ಲಿ ಒಬ್ಬರನ್ನು ನೋಡಬೇಕು ಎಂದಷ್ಟೇ ಹೇಳಿದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗಿಬಿಡಲೇ ಎನ್ನಿಸಿತು. ಕಿಟಕಿಯಾಚೆ ಬಂಡೆಗುಡ್ಡ, ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಯಾರದೋ ಆಡುಗಳು. ಇಳಿಯಲಿಲ್ಲ. ಸಿಂಧನೂರಿನಿಂದ ಆಟೋ ಹಿಡಿದೆ.

ಹುಲಿಗೆಮ್ಮ ಊರ ಹೊರಗಿನ ಗದ್ದೆಯಲ್ಲಿ ನಾಟಿ ಹಚ್ಚುವ ಹೆಂಗಸರ ಜೊತೆ ಇದ್ದಳು. ಊಟದ ಹೊತ್ತು. ಎಲ್ಲರೂ ಬದುವಿನ ಮೇಲೆ ಕೂತು ರೊಟ್ಟಿ ಬಿಚ್ಚಿದ್ದರು. ತಲೆಗೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ ಎದ್ದು ಬಂದಳು.

"ಅಕ್ಕಾರೆ, ಈ ಕೆಸರಾಗ ಯಾಕ ಬಂದ್ರಿ? ಸಣ್ಣಾಕಿ ಆರಾಮ ಅದಾಳೇನ್ರಿ?"

ಸುತ್ತು ಬಳಸಿ ಹೇಳಲು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಯಾವುದೂ ಬರಲಿಲ್ಲ. "ಹುಲಿಗೆವ್ವ, ಆವತ್ತು ಉಳಿದ ಹುಗ್ಗಿ, ಅನ್ನ ನಾನ ಹಾಕಿದ್ದೆ ಅವಕ್ಕ. ನೀ ಕೇಳಿದಾಗ ಸುಳ್ಳು ಹೇಳಿದೆ" ಎಂದೆ.

ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಏನನ್ನೋ ಹುಡುಕುವವಳ ಹಾಗೆ ಕಣ್ಣು ಸಣ್ಣ ಮಾಡಿದಳು.

"ಎಷ್ಟು ಹಾಕಿದ್ರಿ?"

"ಅರ್ಧ ಕೊಪ್ಪರಿಗೆ. ಒಂದು ಬುಟ್ಟಿ ಅನ್ನ."

"ಪಾಪಿ ತಿಂದಿದ್ದಿಲ್ಲ."

"ಇಲ್ಲ. ಉಳಿದವು ಬಿಡಲಿಲ್ಲ ಅದನ್ನ."

ಅವಳು ತಲೆ ಆಡಿಸಿದಳು. ತನ್ನ ಬಲಗೈಯನ್ನು ಮುಂದೆ ಹಿಡಿದು ಅಂಗೈಯನ್ನೇ ನೋಡಿದಳು. ಕೆಸರಿನ ನೀರಿಗೆ ಅದು ಸುಕ್ಕಾಗಿ ಬೆಳ್ಳಗಾಗಿತ್ತು.

"ಈ ಕೈ ಹೇಳಿತ್ರಿ, ಕಾಳು ಅಂತ. ನಿಮ್ಮ ಬಾಯಿ ಇಲ್ಲ ಅಂತು. ನಾ ನಿಮ್ಮ ಬಾಯಿ ನಂಬಿದೆ. ಆಮ್ಯಾಲ ಇದನ್ನ ನಂಬಲಿಲ್ಲ. ಮಂದಿ ಆಡು ಬಿಡಿಸಿಕೊಂಡ್ರು ಅಂತಾರ, ಇಲ್ರಿ, ನಾನ ಬ್ಯಾಡಂದೆ. ಕೈ ಸುಳ್ಳು ಹೇಳಾಕತ್ತ ಮ್ಯಾಲ ಕಾಯೂದು ಹೆಂಗ?"

ಅವಳು ಅಂಗೈಯನ್ನು ಸೀರೆಗೆ ಒರೆಸಿಕೊಂಡಳು.

"ಆವಾಗ ಹೌದು ಅಂದಿದ್ರ ಎರಡಾದ್ರೂ ಉಳೀತಿದ್ದವು ನೋಡ್ರಿ. ಚುಕ್ಕಿ ಇನ್ನಾ ನಿಂತಿತ್ತು." ಆಮೇಲೆ ಕೇಳಿದಳು: "ಅಮ್ಮಾರಿಗೆ ಹೇಳೀರೇನು?"

"ಅತ್ತಿ ಹೋಗಿ ಎರಡು ವರ್ಷ ಆತು. ಹೇಳಲಿಲ್ಲ."

"ಹಂಗಾದ್ರ ನಾನ ಕೊಂದೀನಿ ಅಂತ ತಿಳಕೊಂಡ ಹೋದ್ರು."

ಅವಳು ತಿರುಗಿ ಬದುವಿನ ಮೇಲಿನ ಹೆಂಗಸರನ್ನು ನೋಡಿದಳು. "ಅವರಿಗೆ ಹೇಳ್ರಿ. ಜೋರಾಗಿ ಹೇಳ್ರಿ, ನಿಮ್ಮ ದನಿ ಸಣ್ಣದು."

ಹೋಗಿ ಹೇಳಿದೆ. ನನ್ನ ದನಿ ನನಗೇ ಪರಕೀಯವೆನ್ನಿಸುವಷ್ಟು ಜೋರಾಗಿ ಹೇಳಿದೆ. ಇಬ್ಬರು ಹೆಂಗಸರು ಸಣ್ಣ ವಯಸ್ಸಿನವರು, ಆ ಊರಿಗೆ ಆಮೇಲೆ ಸೊಸೆಯರಾಗಿ ಬಂದವರು, ಯಾವ ಆಡು ಎಂದು ಮುಖ ಮುಖ ನೋಡಿಕೊಂಡರು. ಹಿರಿಯಳೊಬ್ಬಳು ರೊಟ್ಟಿ ಅಗಿಯುತ್ತಲೇ "ಹೌದೇನವ್ವ" ಎಂದಳು. ಇನ್ನೊಬ್ಬಳು ಚಟ್ನಿಪುಡಿ ಮುಂದೆ ಸರಿಸಿದಳು. ಅಷ್ಟೇ. ಹುಲಿಗೆಮ್ಮ ಮಾತ್ರ ನೆಟ್ಟಗೆ ನಿಂತು ಕೊನೆಯ ಮಾತಿನವರೆಗೂ ಕೇಳಿಸಿಕೊಂಡಳು.

ಚೀಲದಿಂದ ಹಗ್ಗ ತೆಗೆದು ಕೊಟ್ಟೆ. ಬಿಳಿಗಿವಿ ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ. ಹಗ್ಗದ ಎರಡು ತುದಿ ಹಿಡಿದು ಜಗ್ಗಿ ನೋಡಿದಳು. ಹಸಿರು ಬಣ್ಣ ಅಲ್ಲಲ್ಲಿ ಉಳಿದಿತ್ತು.

"ಗಟ್ಟಿ ಐತಿ ಇನ್ನಾ" ಎಂದಳು.

"ಹುಲಿಗೆವ್ವಾ, ಬಾ ಬೇ, ಸಾಲು ಹಿಡಿಯೂಣು" ಎಂದು ಹೆಂಗಸರು ಕರೆದರು. ಅವಳು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ, ಆ ಹಗ್ಗವನ್ನು ಸೊಂಟಕ್ಕೆ ಸುತ್ತಿ ಬಿಗಿದಳು. ಬಿಗಿ ಹೆಚ್ಚಾಯಿತೇನೋ ಎಂದು ಒಂದು ಬೆರಳು ತೂರಿಸಿ ನೋಡಿಕೊಂಡಳು. ಆಮೇಲೆ ಸಸಿಯ ಕಟ್ಟೊಂದನ್ನು ಎತ್ತಿಕೊಂಡು ನೀರಿಗಿಳಿದಳು.